ಯಂತ್ರ ಬರುವ ಮುನ್ನ ಕೋಣೆ: ಸ್ವಯಂಚಾಲಿತ ಪ್ರಯೋಗಾಲಯದ ಕಟ್ಟಡ

ಮಾಟುಂಗದ ನಮ್ಮ ಕನ್ನಡ ಮನೆಗಳಲ್ಲಿ ಐವತ್ತು ದಾಟಿದವರಿದ್ದರೆ ರಕ್ತಪರೀಕ್ಷೆಯ ವರದಿಯು ವಿದ್ಯುತ್ ಬಿಲ್ಲಿನಂತೆ ತಪ್ಪದೆ ಬರುತ್ತದೆ. ಅಂಕಿಗಳನ್ನು ಓದುತ್ತೇವೆ, ಅವು ಹುಟ್ಟಿದ ಕೋಣೆ ಹೇಗಿದೆಯೆಂದು ಯಾರೂ ಕೇಳುವುದಿಲ್ಲ. ಕಲಾ ಪದವೀಧರನಾಗಿ ಬ್ಯಾಂಕು ಸೇರಿದ ನನಗೂ ಆ ಪ್ರಶ್ನೆ ಹೊಳೆದದ್ದು, ತಾಯಿಯವರ ಸಕ್ಕರೆಯ ಪ್ರಮಾಣ ಒಮ್ಮೆ ಅನುಮಾನ ಬರುವಷ್ಟು ಕಡಿಮೆ ಬಂದಾಗ. ಮಾತ್ರೆ ಇಳಿಸಬೇಕೇ ಎಂದು ವೈದ್ಯರನ್ನು ಕೇಳಿದೆವು. ಅವರು ಬೇರೆಡೆ ಮರುಪರೀಕ್ಷೆ ಮಾಡಿಸಿದರು. ಪ್ರಮಾಣ ಎಂದಿನಂತೆ ಹೆಚ್ಚಾಗಿಯೇ ಇತ್ತು. ಮೊದಲ ನಳಿಕೆಯು ಬಹಳ ಹೊತ್ತು ಕಾದಿರಬೇಕು ಎಂದರು.

ನಳಿಕೆ ಸೇರಿದ ಮೇಲೂ ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಬೇರ್ಪಡಿಸದ ರಕ್ತದಲ್ಲಿ ಅದು ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಬೂದು ಮುಚ್ಚಳದ ನಳಿಕೆಯಲ್ಲಿರುವ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯಲಾರದು. ಆದ್ದರಿಂದ ರಕ್ತ ತೆಗೆಯುವ ಕುರ್ಚಿಗೂ, ರಕ್ತವನ್ನು ಗರಗರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೂ ನಡುವಿನ ದೂರವೇ ವಿನ್ಯಾಸದ ಮೊದಲ ಪ್ರಶ್ನೆ. ಕುರ್ಚಿ ನೆಲಮಹಡಿಯಲ್ಲಿದ್ದು ಯಂತ್ರ ಮೂರನೆಯ ಮಹಡಿಯಲ್ಲಿದ್ದರೆ, ಮಿಂಚಿನ ವೇಗದ ಯಂತ್ರದಿಂದಲೂ ಪ್ರಯೋಜನವಿಲ್ಲ.

ಅಮೆರಿಕದ ಲಿಯೊನಾರ್ಡ್ ಸ್ಕೆಗ್ಸ್ ರೂಪಿಸಿದ ಸ್ವಯಂಚಾಲಿತ ವಿಶ್ಲೇಷಕ ಯಂತ್ರವು 1957ರಲ್ಲಿ ಮಾರುಕಟ್ಟೆಗೆ ಬಂದಿತು. 1980ರ ದಶಕದಲ್ಲಿ ಜಪಾನಿನ ಕೋಚಿ ವೈದ್ಯಕೀಯ ಕಾಲೇಜಿನಲ್ಲಿ ಮಸಾಹಿದೆ ಸಸಾಕಿಯವರು ನಳಿಕೆಗಳನ್ನು ಚಲಿಸುವ ಪಟ್ಟಿಯ ಮೇಲೆ ಯಂತ್ರದಿಂದ ಯಂತ್ರಕ್ಕೆ ಸಾಗಿಸಿದರು. ಅಲ್ಲಿಯವರೆಗೆ ಪ್ರಯೋಗಾಲಯವೆಂದರೆ ಗೋಡೆಗಂಟಿದ ಕಲ್ಲಿನ ಕಟ್ಟೆ, ನಲ್ಲಿ, ಸ್ಟೂಲು. ಈಗ ಕಟ್ಟೆ ಕಿತ್ತು ನೆಲ ಬಿಡಿಸಬೇಕು; ಐದಾರು ವರ್ಷಕ್ಕೆ ಯಂತ್ರ ಬದಲಾಗುವುದರಿಂದ ವಿದ್ಯುತ್ತು, ನೀರು, ಕಂಪ್ಯೂಟರ್ ತಂತಿಗಳು ಸ್ಥಳ ಬದಲಿಸಲು ಬರುವಂತೆ ಮೇಲಿನಿಂದ ಇಳಿದರೆ ಒಳಿತು.

ನಮ್ಮಿಂದ ಎರಡು ನಿಲ್ದಾಣ ಆಚೆ, ಪರೇಲಿನ ರಾಷ್ಟ್ರೀಯ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ 2020ರ ಜುಲೈ 27ರಂದು ಕೋವಿಡ್ ಪರೀಕ್ಷೆಯ ಬೃಹತ್ ಸೌಲಭ್ಯ ಉದ್ಘಾಟನೆಗೊಂಡಿತು. ಅದೇ ದಿನ ನೋಯ್ಡಾ ಮತ್ತು ಕೋಲ್ಕತ್ತಗಳಲ್ಲಿಯೂ ಆರಂಭವಾದ ಇಂತಹ ಕೇಂದ್ರಗಳಿಗೆ ದಿನಕ್ಕೆ 10,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸುವ ಸಾಮರ್ಥ್ಯವಿತ್ತು. ಕೈಯಿಂದ ಮಾಡುವ ಪಿಸಿಆರ್ ಪರೀಕ್ಷೆಗೆ ಬೇರೆ ಬೇರೆ ಕೋಣೆಗಳು ಬೇಕು. ಒಂದರ ಕಣ ಇನ್ನೊಂದಕ್ಕೆ ಬೆರೆತರೆ ಫಲಿತಾಂಶವೇ ಸುಳ್ಳು. ಪೂರ್ಣ ಸ್ವಯಂಚಾಲಿತ ಯಂತ್ರ ಆ ಕೆಲಸದ ಬಹುಪಾಲನ್ನು ತನ್ನ ಹೊಟ್ಟೆಯೊಳಗೇ ಮುಗಿಸುತ್ತದೆ. ಗೋಡೆಗಳು ಕಡಿಮೆಯಾದವು ನಿಜ, ಆದರೆ ನೆಲದ ಮೇಲಿನ ಭಾರ ಹೆಚ್ಚಿತು.

ಮುಂಬಯಿಯ ಹಳೆಯ ಕಟ್ಟಡಗಳಿಗೆ ಇದೇ ತೊಡಕು. ಚಪ್ಪಡಿ ಭಾರ ತಾಳೀತೇ? ಲಿಫ್ಟಿನ ಬಾಗಿಲಲ್ಲಿ ಯಂತ್ರ ಹಿಡಿಸೀತೇ? ಹಗಲಿರುಳು ಅದು ಕಾರುವ ಶಾಖಕ್ಕೂ ನಮ್ಮ ಮಳೆಗಾಲದ ತೇವಕ್ಕೂ ತಕ್ಕ ಹವಾನಿಯಂತ್ರಣ, ಶುದ್ಧೀಕರಿಸಿದ ನೀರು, ಸೋಂಕಿನ ದ್ರವಕ್ಕೆ ಪ್ರತ್ಯೇಕ ಹೊರದಾರಿ ಬೇಕು. ರಿಪೇರಿಗೆ ಬಂದವನು ಯಂತ್ರದ ಹಿಂದೆ ನಿಲ್ಲುವಷ್ಟು ಜಾಗವೂ ಬೇಕು. ಬಾಡಿಗೆಯ ಲೆಕ್ಕದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ನಾನು ದುಡಿದ ಒಂದು ಶಾಖೆಯಲ್ಲಿ ಲೆಡ್ಜರ್ ಕೋಣೆಗೇ ಕಂಪ್ಯೂಟರ್ ಸರ್ವರ್ ತಳ್ಳಿದ್ದರು. ಬೇಸಿಗೆಯಲ್ಲಿ ಬಾಗಿಲು ತೆರೆದು ಟೇಬಲ್ ಫ್ಯಾನ್ ಇಡುತ್ತಿದ್ದೆವು.

ಇನ್ನು ಜನರೇಟರ್ ಮತ್ತು ಯುಪಿಎಸ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕಿಂಗ್ಸ್ ಸರ್ಕಲ್ಲಿನ ನೀರನ್ನು ನಾವು ಪ್ರತಿ ಮಳೆಗಾಲ ನೋಡುತ್ತಲೇ ಇದ್ದೇವೆ. ಅವನ್ನು ನೆಲಮಾಳಿಗೆಯಲ್ಲಿಡುವ ನಕ್ಷೆಯನ್ನು ಈ ಭಾಗದಲ್ಲಿ ಯಾರೂ ಒಪ್ಪಬಾರದು. ತಾಯಿಯವರನ್ನು ಈಗ ಕರೆದೊಯ್ಯುವಲ್ಲಿ ಸೆಂಟ್ರಿಫ್ಯೂಜ್ ರಕ್ತ ತೆಗೆಯುವ ಕೋಣೆಯ ಪಕ್ಕದಲ್ಲೇ ಇದೆ. ಅದು ತಿರುಗುವ ಸದ್ದು ಹೊರಗಿನ ಬೆಂಚಿಗೂ ಕೇಳಿಸುತ್ತದೆ.