ದಂಡಯಾತ್ರೆಯಲ್ಲಿ ದಾಂಪತ್ಯ: ಹ್ಯಾರಿ ಸ್ಮಿತ್ ಮತ್ತು ಹ್ವಾನಾ

ಯುದ್ಧಚರಿತ್ರೆಯ ಗ್ರಂಥಗಳಲ್ಲಿ ಸೇನಾಧಿಕಾರಿಯ ಮದುವೆ ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆತ ಪಡೆದ ಪದವಿಗಳು, ಹೋರಾಡಿದ ಕದನಗಳು, ಗಳಿಸಿದ ಬಿರುದುಗಳು, ಇವುಗಳ ನಡುವೆ ಇಂಥವಳನ್ನು ವಿವಾಹವಾದನೆಂಬ ಮಾತು ಬಂದು ಮರೆಯಾಗುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೇನೆಯಲ್ಲಿ ವಿವಾಹವು ಕೇವಲ ಖಾಸಗಿ ಸಂಗತಿಯಾಗಿರಲಿಲ್ಲ. ಯಾರ ಹೆಂಡತಿ ಹಡಗನ್ನೇರಬಹುದು, ಯಾರು ಬಂದರಿನಲ್ಲಿಯೇ ಉಳಿಯಬೇಕು ಎಂಬುದನ್ನು ಸೇನೆ ನಿರ್ಧರಿಸುತ್ತಿತ್ತು. ಈ ವ್ಯವಸ್ಥೆಯೊಳಗೆ ಒಂದು ದಾಂಪತ್ಯ ಹೇಗೆ ನಡೆಯಿತು, ಅದರ ಚಿತ್ರ ನಮಗೆ ಯಾರ ಮಾತಿನ ಮೂಲಕ ದೊರೆಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಹ್ಯಾರಿ ಸ್ಮಿತ್ (1787–1860) ಮತ್ತು ಆತನ ಪತ್ನಿ ಹ್ವಾನಾ (1798–1872) ಇವರ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿಯಮಗಳ ಚೌಕಟ್ಟು

ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ, ಸುಮಾರು ನೂರು ಮಂದಿ ಸಿಪಾಯಿಗಳ ಒಂದು ಕಂಪನಿಯೊಡನೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮಂದಿ ಹೆಂಡತಿಯರಿಗೆ ಮಾತ್ರ ಸಮುದ್ರ ದಾಟಲು ಅನುಮತಿಯಿರುತ್ತಿತ್ತು. ಅವರನ್ನು ಚೀಟಿ ಎತ್ತಿ ಆರಿಸುವ ಪದ್ಧತಿಯಿತ್ತು. ಹೊರಡುವ ಹೊತ್ತಿಗೆ ಎತ್ತಿದ ಒಂದು ಕಾಗದದ ಚೂರು ಒಂದು ಸಂಸಾರದ ಮುಂದಿನ ಹಲವು ವರ್ಷಗಳನ್ನು ತೀರ್ಮಾನಿಸುತ್ತಿತ್ತು. ಅನುಮತಿ ಪಡೆದವಳಿಗೆ ಅರ್ಧ ಪಡಿ ಸಿಗುತ್ತಿತ್ತು. ಉಳಿದವಳು ತವರಿನ ಅಥವಾ ಊರಿನ ಆಶ್ರಯವನ್ನು ಅರಸಬೇಕಾಗಿತ್ತು.

ಅಧಿಕಾರಿಗಳಿಗೆ ಚೀಟಿಯ ಕಟ್ಟಳೆ ಇರಲಿಲ್ಲ. ಆದರೆ ಕಿರಿಯ ಅಧಿಕಾರಿ ಮದುವೆಯಾಗುವುದನ್ನು ಹಿರಿಯರು ಮೆಚ್ಚುತ್ತಿರಲಿಲ್ಲ. ಸಂಬಳ ಸಾಲದು, ಸಂಸಾರಸ್ಥನ ಮನಸ್ಸು ಕರ್ತವ್ಯದಲ್ಲಿ ನಿಲ್ಲದು ಎಂಬುದು ಅವರ ವಾದ. ಹೀಗಾಗಿ ಅನೇಕರು ಹೆಂಡತಿಯನ್ನು ಸ್ವದೇಶದಲ್ಲಿ ಬಿಟ್ಟು ಹೋಗುತ್ತಿದ್ದರು. ಇದಕ್ಕೆ ಕನ್ನಡಿಗರು ಬಲ್ಲ ಉದಾಹರಣೆಯೊಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ತಾನು ಭಾರತಕ್ಕೆ ಬರುವ ಮೊದಲೇ ಒಲಿದಿದ್ದ ಕಿಟ್ಟಿ ಪಾಕೆನ್‌ಹ್ಯಾಮಳನ್ನು ಮದುವೆಯಾದದ್ದು ಮರಳಿ ಹೋದ ಅನಂತರ, 1806ರಲ್ಲಿ. ಮುಂದೆ ಆತ ಪೋರ್ಚುಗಲ್, ಸ್ಪೇನ್‌ಗಳಲ್ಲಿ ಸೇನೆಯನ್ನು ನಡೆಸಿ ವೆಲಿಂಗ್ಟನ್ ಎಂಬ ಬಿರುದು ಪಡೆದ ವರ್ಷಗಳಲ್ಲಿ ಆಕೆ ಸ್ವದೇಶದಲ್ಲಿಯೇ ಇದ್ದಳು. ಅಗಲಿಕೆಯೇ ಅಂದಿನ ರೂಢಿ. ಸ್ಮಿತ್ ದಂಪತಿಗಳು ಈ ರೂಢಿಗೆ ಹೊರತಾದವರು.

ಬಡಾಹೋಸ್, 1812

ಸ್ಪೇನಿನ ಗಡಿಕೋಟೆ ಬಡಾಹೋಸ್ ಫ್ರೆಂಚರ ಕೈಯಲ್ಲಿತ್ತು. 1812ರ ಏಪ್ರಿಲ್ 6ರ ರಾತ್ರಿ ವೆಲಿಂಗ್ಟನ್ನನ ಸೇನೆ ಅದನ್ನು ಲಗ್ಗೆ ಹತ್ತಿ ಹಿಡಿಯಿತು. ಮುತ್ತಿಗೆಯಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕ ಮಂದಿ ಸತ್ತರು ಅಥವಾ ಗಾಯಗೊಂಡರು. ಗೆದ್ದ ಸಿಪಾಯಿಗಳು ಶಿಸ್ತಿನ ಎಲ್ಲೆ ಮೀರಿ ಊರನ್ನು ಕೊಳ್ಳೆ ಹೊಡೆದರು. ಅದು ಶತ್ರುಗಳ ಊರಲ್ಲ, ಮಿತ್ರರಾಷ್ಟ್ರದ ಊರು. ಮನೆಗಳು ಸೂರೆಯಾದವು, ಹೆಂಗಸರು ಅತ್ಯಾಚಾರಕ್ಕೆ ಗುರಿಯಾದರು.

ಈ ಅನಾಹುತದ ನಡುವೆ ಇಬ್ಬರು ಸ್ಪ್ಯಾನಿಷ್ ಸೋದರಿಯರು ರಕ್ಷಣೆ ಕೋರಿ ಬ್ರಿಟಿಷ್ ಅಧಿಕಾರಿಗಳ ಬಿಡಾರಕ್ಕೆ ಬಂದರು. ಸಿಪಾಯಿಗಳು ಓಲೆಗಳನ್ನು ಎಳೆದು ಕಿತ್ತಿದ್ದರಿಂದ ಅವರ ಕಿವಿಗಳಲ್ಲಿ ರಕ್ತ ಸುರಿಯುತ್ತಿತ್ತು. ಕಿರಿಯವಳಾದ ಹ್ವಾನಾ ಮಠದಲ್ಲಿ ಶಿಕ್ಷಣ ಪಡೆದು ಬಂದವಳು, ವಯಸ್ಸು 14. ಹ್ಯಾರಿ ಸ್ಮಿತ್ 95ನೆಯ ರೈಫಲ್ಸ್ ದಳದ ಅಧಿಕಾರಿ, ವಯಸ್ಸು 24. 1807ರ ದಕ್ಷಿಣ ಅಮೆರಿಕದ ದಂಡಯಾತ್ರೆಯ ಕಾಲದಲ್ಲಿ ಕಲಿತ ಸ್ಪ್ಯಾನಿಷ್ ಭಾಷೆ ಆತನಿಗೆ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಮದುವೆ ನಡೆಯಿತು. ವಧುವನ್ನು ಧಾರೆಯೆರೆದು ಕೊಟ್ಟವನು ಸೇನಾಪತಿ ವೆಲಿಂಗ್ಟನ್.

ಈ ಪ್ರಸಂಗವನ್ನು ಪ್ರಥಮ ದೃಷ್ಟಿಯ ಪ್ರೇಮಕಥೆಯೆಂದು ಹೇಳುವುದು ವಾಡಿಕೆ. ಜಾರ್ಜೆಟ್ ಹೇಯರ್ 1940ರಲ್ಲಿ ಇದನ್ನೇ ಕಾದಂಬರಿಯಾಗಿಸಿದಳು. ಅಂದಿನ ಇಂಗ್ಲಿಷ್ ಕಾನೂನೂ ಕ್ಯಾಥೊಲಿಕ್ ಧರ್ಮವಿಧಿಯೂ ಹೆಣ್ಣಿನ ವಿವಾಹಕ್ಕೆ 12 ವರ್ಷ ಸಾಕೆಂದು ಒಪ್ಪುತ್ತಿದ್ದುದರಿಂದ ಆ ಕಾಲದವರಿಗೆ ಆಕೆಯ ವಯಸ್ಸು ತೊಡಕಾಗಲಿಲ್ಲ. ಆದರೆ ಮನೆಮಠ ಕಳೆದುಕೊಂಡ ಹುಡುಗಿಗೆ ಅಂದು ಇದ್ದ ಆಯ್ಕೆಗಳು ಎಷ್ಟು ಎಂದು ಸಂಶೋಧಕನು ಕೇಳಲೇಬೇಕು. ಒಲವು ನಿಜವಾಗಿರಬಹುದು, ಆಶ್ರಯದ ಅಗತ್ಯವೂ ಅಷ್ಟೇ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮರೆಮಾಡಬೇಕಿಲ್ಲ.

ದಂಡಿನೊಡನೆ ಬದುಕು

ಹ್ವಾನಾ ಸ್ವದೇಶದಲ್ಲಿ ಸುರಕ್ಷಿತವಾಗಿ ಉಳಿಯಲಿಲ್ಲ, ಗಂಡನ ಮನೆಗೂ ಹೋಗಲಿಲ್ಲ; ದಂಡಿನೊಡನೆ ನಡೆದಳು. ಕುದುರೆ ಸವಾರಿ ಕಲಿತು, ಗುಡಾರದಲ್ಲಿ ಮಲಗಿ, 1812ರ ಕೊನೆಯಲ್ಲಿ ಸೇನೆ ಮಳೆ ಹಸಿವುಗಳ ನಡುವೆ ಹಿಮ್ಮೆಟ್ಟಿದಾಗ ಆ ಸಂಕಟವನ್ನೂ ಉಂಡಳು. 1813ರ ಜೂನ್ 21ರಂದು ವಿಟೋರಿಯಾ ಕದನದಲ್ಲಿ ಗಂಡ ಸತ್ತನೆಂಬ ಸುದ್ದಿ ಆಕೆಯ ಕಿವಿಗೆ ಬಿತ್ತು. ನಡೆದದ್ದು ಇಷ್ಟೇ: ಆತನ ಕುದುರೆ ಕುಸಿದುಬಿದ್ದಿತ್ತು.

1814ರಲ್ಲಿ ಯುದ್ಧ ಮುಗಿದು ಸೇನೆ ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಹಡಗನ್ನೇರಿತು. ವರ್ಷಗಟ್ಟಲೆ ಸಿಪಾಯಿಗಳೊಡನೆ ನಡೆದು, ಅಡುಗೆ ಮಾಡಿ, ಗಾಯಗಳನ್ನು ಕಟ್ಟಿದ ಅನೇಕ ಸ್ಪ್ಯಾನಿಷ್ ಹಾಗೂ ಪೋರ್ಚುಗೀಸ್ ಹೆಂಗಸರಿಗೆ ಅಲ್ಲಿ ಪ್ರವೇಶ ಸಿಗಲಿಲ್ಲ. ಅವರ ಸಂಬಂಧಗಳಿಗೆ ಸೇನೆಯ ಮನ್ನಣೆಯಿರಲಿಲ್ಲವಾದ್ದರಿಂದ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಹ್ವಾನಾ ಇಂಗ್ಲೆಂಡಿಗೆ ಹೋದಳು. ಒಂದೇ ನೆಲದಿಂದ, ಒಂದೇ ಯುದ್ಧದಿಂದ ಬಂದ ಹೆಂಗಸರು ಇವರು. ಹ್ವಾನಾಳನ್ನು ಅವರಿಂದ ಬೇರ್ಪಡಿಸಿದ್ದು ಆಕೆಯ ಪ್ರೀತಿಯಾಗಲಿ ಸಾಹಸವಾಗಲಿ ಅಲ್ಲ. ಗಂಡನ ಪದವಿ ಮತ್ತು ಸೇನಾಪತಿ ಸಮ್ಮತಿಸಿದ ವಿವಾಹವಿಧಿ.

ಅದೇ ವರ್ಷ ಸ್ಮಿತ್ ಅಮೆರಿಕದ ಯುದ್ಧಕ್ಕೆ ತೆರಳಿದಾಗ ಮೊದಲ ದೀರ್ಘ ಅಗಲಿಕೆ ಒದಗಿತು. ಆತ ವಾಷಿಂಗ್ಟನ್ ವಶವಾದ ವಾರ್ತೆಯನ್ನು ಹೊತ್ತು ಲಂಡನ್ನಿಗೆ ಬಂದು, ಬಹುಬೇಗ ಮತ್ತೆ ಹೊರಟನು. 1815ರ ಜನವರಿ 8ರ ನ್ಯೂ ಆರ್ಲಿಯನ್ಸ್ ಸೋಲಿನಲ್ಲಿ ಭಾಗಿಯಾದನು. ಆ ಜೂನಿನಲ್ಲಿ ವಾಟರ್ಲೂ ಕದನವಾದ ಮೇಲೆ ಬ್ರಿಗೇಡ್ ಮೇಜರ್ ಸ್ಮಿತ್ ಮಡಿದನೆಂದು ಕೇಳಿದ ಹ್ವಾನಾ ರಣರಂಗದಲ್ಲಿ ಗಂಡನ ಶವವನ್ನು ಅರಸಿದಳು. ಮಡಿದವನು ಹೆಚ್ಚುಕಡಿಮೆ ಅದೇ ಹೆಸರಿನ ಚಾರ್ಲ್ಸ್ ಸ್ಮೈತ್ ಎಂಬ ಇನ್ನೊಬ್ಬ ಬ್ರಿಗೇಡ್ ಮೇಜರ್.

ಮುಂದಿನ ದಶಕಗಳಲ್ಲಿ ಈ ಸಂಸಾರ ಆಫ್ರಿಕಾದ ಕೇಪ್ ವಸಾಹತಿಗೂ, 1840ರಲ್ಲಿ ಭಾರತಕ್ಕೂ ಬಂದಿತು. 1843ರ ಡಿಸೆಂಬರ್ 29ರಂದು ಗ್ವಾಲಿಯರ್ ಬಳಿಯ ಮಹಾರಾಜಪುರದ ಕದನದಲ್ಲಿ ಹ್ವಾನಾಳೂ ಇತರ ಕೆಲವು ಅಧಿಕಾರಿಪತ್ನಿಯರೂ ಆನೆಗಳ ಮೇಲಿದ್ದು ಗುಂಡಿನ ದಾಳಿಗೆ ಸಿಕ್ಕಿದರು. ಗವರ್ನರ್ ಜನರಲ್ ಎಲೆನ್‌ಬರೊ ಅವರಿಗೆ ಚಿನ್ನದ ಪದಕಗಳನ್ನಿತ್ತನು. 1846ರ ಜನವರಿ 28ರಂದು ಸಟ್ಲೆಜ್ ದಡದ ಅಲಿವಾಲ್‌ನಲ್ಲಿ ಸಿಖ್ ಸೇನೆಯನ್ನು ಸೋಲಿಸಿದ ಸ್ಮಿತ್, ಮರುವರ್ಷ ಕೇಪ್ ವಸಾಹತಿನ ಗವರ್ನರ್ ಆದನು. ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್ ಎಂಬ ಪಟ್ಟಣಕ್ಕೆ ಹ್ವಾನಾಳಿಂದಲೇ ಆ ಹೆಸರು ಬಂದಿತು. ದಂಪತಿಗಳಿಗೆ ಮಕ್ಕಳಾಗಲಿಲ್ಲ. ನಲವತ್ತೆಂಟು ವರ್ಷಗಳ ದಾಂಪತ್ಯ 1860ರಲ್ಲಿ ಆತನ ಮರಣದೊಡನೆ ಮುಗಿಯಿತು.

ಆಕರಗಳ ಪ್ರಶ್ನೆ

ಈ ವೃತ್ತಾಂತಕ್ಕೆ ಆಧಾರಗಳಾವುವು? ಮುಖ್ಯವಾದುದು 1901ರಲ್ಲಿ ಪ್ರಕಟವಾದ ಸ್ಮಿತ್‌ನ ಆತ್ಮಚರಿತ್ರೆ. ಎರಡನೆಯದು ಆತನ ಒಡನಾಡಿ ಜಾನ್ ಕಿನ್‌ಕೇಡ್ 1835ರಲ್ಲಿ ಪ್ರಕಟಿಸಿದ ನೆನಪುಗಳು. ಆ ಹುಡುಗಿಯನ್ನು ತಾನೂ ಮೆಚ್ಚಿದ್ದೆನೆಂದು ಕಿನ್‌ಕೇಡ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಅಂದರೆ ಹ್ವಾನಾಳನ್ನು ನಾವು ಕಾಣುವುದು ಆಕೆಗೆ ಒಲಿದ ಇಬ್ಬರು ಗಂಡಸರ ಕಣ್ಣಿನಿಂದ. ಆಕೆ ಧೈರ್ಯವಂತೆ, ಸಹನಶೀಲೆ, ದಂಡಿಗೆಲ್ಲ ಪ್ರಿಯಳಾದವಳು ಎಂಬ ಮಾತುಗಳೆಲ್ಲ ಅವರವು. ಬಡಾಹೋಸನ್ನು ಸುಲಿದ ಸೇನೆಯೊಡನೆಯೇ ಬದುಕಬೇಕಾಗಿ ಬಂದುದರ ಬಗ್ಗೆ ಆಕೆ ಬರೆದ ಆತ್ಮಕಥನವೊಂದು ಇವುಗಳ ಪಕ್ಕದಲ್ಲಿ ಇಲ್ಲ.

ಆದ್ದರಿಂದ ಇಂಥ ಬರಹಗಳನ್ನು ಸುಳ್ಳೆಂದು ತಳ್ಳಬೇಕಿಲ್ಲ. ಅವು ಯಾರ ಪಾಲಿನ ಸತ್ಯ ಎಂಬುದನ್ನು ಗುರುತಿಸಿ ಓದಬೇಕು. ಹೆಂಡತಿಯ ವಿಷಯದಲ್ಲಿ ಇಷ್ಟು ಮೃದುವಾಗಿದ್ದ ಸ್ಮಿತ್, 1835ರಲ್ಲಿ ಖೋಸಾ ಜನರ ದೊರೆ ಹಿಂತ್ಸಾ ಹತನಾದಾಗ ಆ ದಂಡಿನ ನಾಯಕನಾಗಿದ್ದನು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಹೊರನಾಡಿನಲ್ಲಿರುವ ನಮ್ಮ ಸಂಶೋಧಕರಿಗೆ ಈ ಎಚ್ಚರ ಉಪಯುಕ್ತವಾದೀತು. ದೆಹಲಿ, ಚೆನ್ನೈ, ಮುಂಬಯಿಗಳ ಪತ್ರಾಗಾರಗಳಲ್ಲಿ ಕನ್ನಡ ನಾಡಿನ ಯುದ್ಧಗಳ ಚರಿತ್ರೆಯನ್ನು ಅರಸುವವರಿಗೂ ಮೊದಲು ಸಿಗುವುದು ಅಧಿಕಾರಿಗಳ ಬರಹವೇ. ಶ್ರೀರಂಗಪಟ್ಟಣದ ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಯೂರೋಪಿಯನ್ ಅಧಿಕಾರಿಗಳೊಡನೆ ಅವರ ಕುಟುಂಬದವರೂ ಮಲಗಿದ್ದಾರೆ. ಅಧಿಕಾರಿಯ ಬರಹವನ್ನು ಓದುವಾಗ ಈ ಮನೆಯವರನ್ನೂ, ಸೇನೆಯ ಲೆಕ್ಕಕ್ಕೆ ಸೇರದೆ ಬಂದರಿನಲ್ಲಿ ಉಳಿದವರನ್ನೂ ನೆನಪಿನಲ್ಲಿಟ್ಟುಕೊಂಡರೆ ಯುದ್ಧಚರಿತ್ರೆ ಇನ್ನಷ್ಟು ಪೂರ್ಣವಾಗುತ್ತದೆ.