ಹಳದಿ ಜ್ವರದ ವೈದ್ಯರೂ ನಮ್ಮ ಮಂಗನ ಕಾಯಿಲೆಯೂ

ಲಿಂಗನಮಕ್ಕಿ ಸೀಮೆಯ ನಮಗೆ ಕಾಡಿನಲ್ಲಿ ಮಂಗ ಸತ್ತಿತೆಂಬ ಸುದ್ದಿಯೇ ಜ್ವರದ ಮುನ್ಸೂಚನೆ. ಆದರೆ ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇರುವ ನಂಟು ಬೆಳಕಿಗೆ ಬಂದುದು ಹೇಗೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಅದನ್ನು ಸಹಪಾಠಿಗಳ ಮುಂದಿಡುವುದು ಈ ಕಿರುಲೇಖನದ ಉದ್ದೇಶ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗಳ ಜನರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ನಿರ್ದೇಶಕರಾಗಿದ್ದ ಡಾ. ಟೆಲ್ಫರ್ಡ್ ವರ್ಕ್ ಅವರೂ ಸಂಗಡಿಗರೂ ಇದರ ಶೋಧನೆಗೆ ತೊಡಗಿದರು. ಮೊದಲು ಮೂಡಿದ ಸಂದೇಹ ಹಳದಿ ಜ್ವರದ್ದು. ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗವೂ ಮಂಗಗಳನ್ನು ಕೊಲ್ಲುತ್ತದೆ.

ಹಳದಿ ಜ್ವರದ ಗುಟ್ಟನ್ನು ಮೊದಲು ಊಹಿಸಿದವರಲ್ಲಿ ಪ್ರಮುಖರು ಕೆರಿಬಿಯನ್ ಸಮುದ್ರದ ಕ್ಯೂಬಾ ದ್ವೀಪದ ವೈದ್ಯ ಕಾರ್ಲೋಸ್ ಫಿನ್ಲೇ (1833-1915). ಸೊಳ್ಳೆಯೇ ಅದರ ವಾಹಕವೆಂದು 1881ರಲ್ಲಿ ಅವರು ಹವಾನಾದ ವಿದ್ವಾಂಸರ ಮುಂದೆ ಹೇಳಿದಾಗ ನಂಬಿದವರು ವಿರಳ. ಆದರೂ ಅವರು ಪಟ್ಟು ಬಿಡಲಿಲ್ಲ. 1900ರಲ್ಲಿ ವಾಲ್ಟರ್ ರೀಡರ ಮಂಡಲಿ ಪ್ರಯೋಗಗಳಿಂದ ಆ ಮಾತನ್ನು ಸ್ಥಿರಪಡಿಸಿತು. ಸೊಳ್ಳೆಗಳನ್ನು ಅಡಗಿಸಿದೊಡನೆ ಹವಾನಾದಲ್ಲಿ ಜ್ವರವೂ ಅಡಗಿತು. 1902ರಲ್ಲಿ ಫಿನ್ಲೇಯವರು ಕ್ಯೂಬಾದ ಮುಖ್ಯ ಆರೋಗ್ಯಾಧಿಕಾರಿಗಳಾದರು.

ಕ್ಯಾಸನೂರಿನದು ಹಳದಿ ಜ್ವರವಲ್ಲ, ಬೇರೊಂದು ಹೊಸ ವೈರಸ್ ಎಂದು ಸಿದ್ಧವಾಯಿತು. ಆದರೂ ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಫಿನ್ಲೇಯವರು ಕೇಳಿದ್ದೇ: ರೋಗವನ್ನು ಹೊತ್ತು ತರುವುದು ಯಾವುದು? ಇಲ್ಲಿ ದೊರೆತ ಉತ್ತರ ಉಣುಗು. ಸತ್ತ ಮಂಗನ ಮೈಬಿಟ್ಟ ಉಣುಗುಗಳಿಂದ ಸೋಂಕು ಹರಡಿ, ದರಗು ಗುಡಿಸಲು, ಸೌದೆ ತರಲು ಹೋದವರಿಗೆ ತಗಲುತ್ತದೆ. ಹೆಸರು ಮಂಗನದಾದರೂ ಮಂಗವು ಅಪರಾಧಿಯಲ್ಲ. ನಮ್ಮಂತೆಯೇ ಅದೂ ರೋಗಿ. ರೋಗಿಗಳಲ್ಲಿ ಕಂಡ ಲಕ್ಷಣಗಳನ್ನು ಡಾ. ಆರ್. ಲಕ್ಷ್ಮಣರಾವ್ ಅವರು 1958ರಲ್ಲಿ ಪ್ರಕಟಿಸಿದರು.

ಹವಾನಾದ ಜಯ ನಮಗೇಕೆ ದೊರೆಯಲಿಲ್ಲ? ಸೊಳ್ಳೆ ಬೆಳೆಯುವ ನೀರನ್ನು ಚೆಲ್ಲಬಹುದು, ಕಾಡನ್ನು ಚೆಲ್ಲಲಾಗದು. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಬೇಕಾದವನು ಕಾಡಿಗೆ ಹೋಗಲೇಬೇಕು. ಬಹುಕಾಲ ಕೊಡುತ್ತಿದ್ದ ಲಸಿಕೆಯೂ ಸಾಕಷ್ಟು ರಕ್ಷಣೆ ನೀಡಲಿಲ್ಲ. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಜ್ವರಕ್ಕೆ ಜೀವಗಳು ಬಲಿಯಾದುವು. ರೋಗದ ಕಾರಣ ತಿಳಿದು ಆಗಲೇ ಆರು ದಶಕಗಳು ಕಳೆದಿದ್ದುವು.

ವೈದ್ಯರು ಕಂಡ ಸತ್ಯ ಪುಸ್ತಕದಲ್ಲೇ ಉಳಿದರೆ ಫಲವೇನು? ಮಂಗ ಸತ್ತರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಕಾಡಿಗೆ ಹೋಗುವಾಗ ಮೈಗೆ ಉಣುಗು ನಿರೋಧಕ ತೈಲ ಸವರುವುದು, ಜ್ವರ ಬಂದೊಡನೆ ಆಸ್ಪತ್ರೆ ಸೇರುವುದು: ಇಷ್ಟನ್ನಾದರೂ ಮನೆಮನೆಗೆ ಮುಟ್ಟಿಸುವುದು ಓದು ಕಲಿತ ನಮ್ಮ ಪಾಲಿನ ಕೆಲಸ. ನಮ್ಮನ್ನು ಕಾಲೇಜಿಗೆ ಕಳುಹಿಸಿದವರೇ ಇಂದಿಗೂ ದರಗು ತರಲು ಕಾಡಿಗೆ ಹೋಗುವವರು.