ಚರ್ಮದ ಬಣ್ಣ ಬದಲಾದರೆ ವೈದ್ಯರ ಬಳಿ ಹೋಗುವುದು ಯಾವಾಗ?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಬಿಸಿಲು ಹೆಚ್ಚು ಬಿದ್ದಲ್ಲಿ ಚರ್ಮ ತನ್ನ ರಕ್ಷಣೆಗಾಗಿ ಅದನ್ನು ಹೆಚ್ಚು ತಯಾರಿಸುತ್ತದೆ. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಊರುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಜೋಳ, ತೊಗರಿಯ ಹೊಲದಲ್ಲಿ ದುಡಿಯುವವರ ಮುಖ, ಕತ್ತು, ಮುಂಗೈ ಕಪ್ಪಾಗುವುದು ಇದರಿಂದಲೇ. ರುಮಾಲಿನಡಿಯ ಹಣೆ, ಅಂಗಿಯೊಳಗಿನ ಮೈ ಮೂಲ ಬಣ್ಣದಲ್ಲೇ ಉಳಿದಿದ್ದರೆ ಅದು ಬಿಸಿಲಿನ ಕೆಲಸ, ರೋಗವಲ್ಲ.

ಹೆಂಗಸರ ಕೆನ್ನೆ, ಹಣೆ, ಮೂಗಿನ ಮೇಲೆ ಮೂಡುವ ಬಂಗು ಕೂಡ ಅಪಾಯದ್ದಲ್ಲ. ಬಸುರಿನಲ್ಲಿ ಅಥವಾ ಗರ್ಭನಿರೋಧಕ ಮಾತ್ರೆ ನುಂಗುವಾಗ ಅದು ಕಾಣಿಸಿಕೊಳ್ಳುತ್ತದೆ, ಬಿಸಿಲಿಗೆ ಗಾಢವಾಗುತ್ತದೆ. ಹೆರಿಗೆಯ ನಂತರ ಹಲವರಲ್ಲಿ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ತಿಳಿಯಾಗುತ್ತದೆ. ಹಸುಗೂಸಿನ ಬೆನ್ನಿನ ಕೆಳಗೆ ಕಾಣುವ ನೀಲಿ ಕಲೆಯೂ ಸಾಮಾನ್ಯವಾಗಿ ಬಾಲ್ಯದಲ್ಲೇ ಮಾಯವಾಗುತ್ತದೆ. ಎದೆ, ಬೆನ್ನಿನ ಮೇಲೆ ಸಣ್ಣ ಹೊಟ್ಟಿನೊಂದಿಗೆ ಹರಡುವ ಸಿಬ್ಬು ಒಂದು ಶಿಲೀಂಧ್ರದಿಂದ ಬರುತ್ತದೆ. ಔಷಧಿಗೆ ಶಿಲೀಂಧ್ರ ಬೇಗ ಸತ್ತರೂ ಚರ್ಮದ ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಇದನ್ನು ತಿಳಿಯದೆ ಔಷಧಿ ನಾಟಲಿಲ್ಲವೆಂದು ಅಂಗಡಿಯಿಂದ ಅಂಗಡಿಗೆ ಅಲೆಯುವವರೇ ಹೆಚ್ಚು.

ತಡಮಾಡಲೇಬಾರದ ಕಲೆ ಬೇರೆ ಇದೆ. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಗಿನ ಕಲೆ, ತುರಿಕೆ ಇಲ್ಲ, ನೋವಿಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ: ಇದು ಕುಷ್ಠರೋಗದ ಮೊದಲ ಗುರುತಾಗಿರಬಹುದು. ನೋವಿಲ್ಲ ಎಂಬ ಕಾರಣಕ್ಕೇ ಜನ ಇದನ್ನು ಅಲಕ್ಷಿಸುತ್ತಾರೆ. ಕಣ್ಣು ಮುಚ್ಚಿಸಿ ಕಲೆಯ ಮೇಲೆ ಹತ್ತಿಯ ಎಳೆ ಆಡಿಸಿದಾಗ ಸ್ಪರ್ಶ ತಿಳಿಯದಿದ್ದರೆ ಆ ವಾರವೇ ತೋರಿಸಬೇಕು. ಸೂಜಿ ಚುಚ್ಚಿ, ಬಿಸಿ ಮುಟ್ಟಿಸಿ ಪರೀಕ್ಷಿಸಬಾರದು. ಕಲೆಯ ಮೇಲೆ ಬೆವರದಿರುವುದು, ಕೂದಲು ಉದುರುವುದು, ಅಂಗೈ ಅಂಗಾಲು ಜೋಮು ಹಿಡಿಯುವುದು ಕೂಡ ಲಕ್ಷಣಗಳೇ. ಕುಷ್ಠವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆಯಾಯಿತೆಂದು ಭಾರತ 2005ರಲ್ಲಿ ಘೋಷಿಸಿತು. ಆದರೂ ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಈ ದೇಶದವರೇ. 6 ಅಥವಾ 12 ತಿಂಗಳ ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ತಡವಾದರೆ ಸೊಟ್ಟಗಾದ ಬೆರಳು, ಸತ್ತ ನರ ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ.

ಹಾಲುಬಿಳುಪಿನ ತೊನ್ನು ಕುಷ್ಠವಲ್ಲ. ಅಲ್ಲಿ ಸ್ಪರ್ಶಜ್ಞಾನ ಇರುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಅದರ ಹೆಸರಿನಲ್ಲಿ ಮದುವೆ ಮುರಿಯುವುದು ಅನ್ಯಾಯ. ಜೀವಕ್ಕೆ ಅಪಾಯವಿಲ್ಲದಿದ್ದರೂ ಕಲೆ ಹರಡುತ್ತಿದ್ದರೆ ಬೇಗ ಚಿಕಿತ್ಸೆ ಆರಂಭಿಸುವುದು ಒಳ್ಳೆಯದು, ಥೈರಾಯ್ಡ್ ತಪಾಸಣೆಯೂ ಬೇಕಾಗಬಹುದು.

ಕತ್ತು, ಕಂಕುಳು ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದರೆ ಎಷ್ಟು ಉಜ್ಜಿದರೂ ಹೋಗದು, ಅದು ಕೊಳೆಯಲ್ಲ. ಬೊಜ್ಜಿನ ಜೊತೆಗೆ, ಸಕ್ಕರೆ ಕಾಯಿಲೆಯ ಮುನ್ಸೂಚನೆಯಾಗಿ ಅದು ಬರುವುದರಿಂದ ರಕ್ತಪರೀಕ್ಷೆ ಬೇಕು. ಬೆರಳ ಗಿಣ್ಣು ಕಪ್ಪಾಗಿ ಸುಸ್ತೂ ಇದ್ದರೆ ಬಿ12 ಕೊರತೆ ಇರಬಹುದು. ಮಚ್ಚೆ ಬೆಳೆದರೆ, ಅಂಚು ಕದಡಿದರೆ, ರಕ್ತ ಬಂದರೆ, ಅಂಗಾಲಲ್ಲಿ ಅಥವಾ ಉಗುರಿನಡಿ ಹೊಸ ಕಪ್ಪು ಕಂಡರೆ ಕಾಯುವಂತಿಲ್ಲ. ಒಂದೇ ಊರಿನ ಹಲವರಿಗೆ ಕಲೆ ಬಂದರೆ ನೀರನ್ನೂ ಪರೀಕ್ಷಿಸಬೇಕು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಕಲೆ, ಗಂಟುಗಳಿಗೆ ಕಾರಣವಾಗಿದ್ದು ಕುಡಿಯುವ ಅಂತರ್ಜಲದಲ್ಲಿದ್ದ ಆರ್ಸೆನಿಕ್.

ಬಿಳಿಯಾಗಿಸುವ ಮುಲಾಮೆಂದು ಅಂಗಡಿಯಲ್ಲಿ ಕೇಳಿ ತರುವ ಹಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅವು ಮುಖದ ಚರ್ಮವನ್ನು ತೆಳ್ಳಗಾಗಿಸಿ, ಕೆಂಪಗಾಗಿಸಿ, ಬಿಟ್ಟೊಡನೆ ಕಲೆಯನ್ನು ಹೆಚ್ಚಿಸುತ್ತವೆ. ನಿರುಪದ್ರವಿ ಬಂಗು ನಿಜವಾದ ಕಾಯಿಲೆಯಾಗುವುದು ಹೀಗೆ. ಇಂಗಳೇಶ್ವರದ ಸುತ್ತಲಿನವರು ಸಂಶಯದ ಕಲೆಯನ್ನು ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಬಸವನ ಬಾಗೇವಾಡಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಲಿ. ಚರ್ಮತಜ್ಞರು ಬೇಕಾದರೆ ವಿಜಯಪುರದ ಜಿಲ್ಲಾಸ್ಪತ್ರೆಗೆ ಹೋಗಲಿ.